ಡ್ಯಾಂಗನ್‌ನ ಬರೀ ಗೋಡೆಗಳು: ಗಂಜಾಂನಿಂದ ಐರ್ಲೆಂಡಿಗೆ

ನಮ್ಮೂರು ಗಂಜಾಂ. ಶ್ರೀರಂಗಪಟ್ಟಣದ ದ್ವೀಪದಲ್ಲೇ ಇದೆ, ಕೋಟೆಗೆ ನಡೆದುಕೊಂಡೇ ಹೋಗಬಹುದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು. ನಾಲ್ಕನೇ ಮೈಸೂರು ಯುದ್ಧ ಬಂದಾಗಲೆಲ್ಲ ಬೋರ್ಡಿನ ಮೇಲೆ ವೆಲ್ಲೆಸ್ಲಿ ಅಂತ ಎರಡು ಸಲ ಬರೆಯುತ್ತಿದ್ದೆ. ಅಣ್ಣ ರಿಚರ್ಡ್, ಗವರ್ನರ್ ಜನರಲ್. ತಮ್ಮ ಆರ್ಥರ್, ದಂಡಿನ ಜೊತೆ ಬಂದ ಕರ್ನಲ್. ಮಕ್ಕಳು ಇಬ್ಬರನ್ನೂ ಒಬ್ಬನೇ ಅಂದುಕೊಂಡು ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಿದ್ದರು.

ಈ ಅಣ್ಣತಮ್ಮಂದಿರು ಎಲ್ಲಿಯವರು ಅಂತ ಯಾರಾದರೂ ಕೇಳಿದ್ದರೆ ಇಂಗ್ಲೆಂಡಿನವರು ಅಂದುಬಿಡುತ್ತಿದ್ದೆ. ಅದು ತಪ್ಪು. ಅವರು ಐರ್ಲೆಂಡಿನವರು. ಮಗಳು ಡಬ್ಲಿನ್‌ಗೆ ಕೆಲಸಕ್ಕೆ ಹೋದ ಮೇಲೆ, ಅವಳ ಊರಿನ ಸುತ್ತಮುತ್ತ ಏನಿದೆ ಅಂತ ಓದುತ್ತಾ ಕೂತಾಗ ಇದು ನನಗೆ ಗೊತ್ತಾಯಿತು. ಅವರ ವಂಶದ ಮನೆ ಮೀತ್ ಕೌಂಟಿಯ ಡ್ಯಾಂಗನ್ ಕೋಟೆ. ಈಗ ಪಾಳುಬಿದ್ದಿದೆ. ಡಬ್ಲಿನ್‌ನಿಂದ ಒಂದು ಗಂಟೆಯ ದಾರಿ.

ಈ ಮೇ ತಿಂಗಳಲ್ಲಿ ಮಗಳ ಮನೆಗೆ ಹೋದಾಗ ಮೊದಲು ಕೇಳಿದ್ದೇ ಅದನ್ನು. "ಅಮ್ಮ, ಅಲ್ಲಿ ಏನೂ ಇಲ್ಲಮ್ಮ, ಬರೀ ಗೋಡೆ" ಅಂದಳು. ಬರೀ ಗೋಡೆಯೇ ಸಾಕು ಅಂದೆ.

ಶನಿವಾರ: ಟ್ರಿಮ್

ಬೆಳಿಗ್ಗೆ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿಕೊಂಡು ಹೊರಟೆವು. ಅಳಿಯಂದಿರು ಕಾರು ಓಡಿಸಿದರು. ಹಿಂದೆ ನಾನು, ಮಗಳು, ಎಂಟು ವರ್ಷದ ಮೊಮ್ಮಗ. ಡಬ್ಲಿನ್ ದಾಟಿದ ಮೇಲೆ ಎರಡೂ ಕಡೆ ಹುಲ್ಲುಗಾವಲು. ಬೇಲಿಯ ತುಂಬಾ ಬಿಳಿ ಹೂವು. ಮಲೆನಾಡಲ್ಲಿ ಜುಲೈ ತಿಂಗಳಲ್ಲಿ ನೋಡುವ ಹಸಿರು ಇಲ್ಲಿ ವರ್ಷಪೂರ್ತಿ ಅಂತೆ.

ಮೊದಲು ಟ್ರಿಮ್ ಪಟ್ಟಣಕ್ಕೆ ಹೋದೆವು. ಡ್ಯಾಂಗನ್‌ನ ಕಥೆಗೆ ಇದು ಹೆಬ್ಬಾಗಿಲು ಇದ್ದ ಹಾಗೆ. ಬಾಯ್ನ್ ನದಿಯ ದಡದಲ್ಲಿ ದೊಡ್ಡ ಕೋಟೆ ನಿಂತಿದೆ. 1172ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ ಮೀತ್ ಸೀಮೆಯನ್ನು ಹ್ಯೂ ಡಿ ಲೇಸಿ ಅನ್ನುವ ನಾರ್ಮನ್ ಸರದಾರನಿಗೆ ಬರೆದುಕೊಟ್ಟ. ಅವನು ಶುರು ಮಾಡಿದ ಕೋಟೆ ಮುಗಿಯಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಐರ್ಲೆಂಡಿನಲ್ಲಿ ನಾರ್ಮನ್ನರು ಕಟ್ಟಿದ ಕೋಟೆಗಳಲ್ಲಿ ಇದೇ ದೊಡ್ಡದು. ನಡುವಿನ ಬುರುಜು ಚೌಕವೂ ಅಲ್ಲ, ದುಂಡಗೂ ಇಲ್ಲ. ಕೂಡಿಸುವ ಗುರುತಿನ ಆಕಾರದಲ್ಲಿ ಇಪ್ಪತ್ತು ಮುಖ ಇಟ್ಟು ಕಟ್ಟಿದ್ದಾರೆ. ಗೈಡ್ ಜೊತೆ ಮೇಲೆ ಹತ್ತಿದೆವು. ಕಲ್ಲಿನ ಸುರುಳಿ ಮೆಟ್ಟಿಲು, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುವ ಹಾಗಿಲ್ಲ. ಮೊಣಕಾಲು ಹಿಡಿದುಕೊಂಡೇ ಹತ್ತಿದೆ.

ಮೇಲಿನಿಂದ ನೋಡಿದರೆ ನದಿಯ ಆಚೆ ಹಳೇ ಗೋಪುರವೊಂದು ಅರ್ಧ ಸೀಳಿಕೊಂಡು ನಿಂತಿದೆ. ಹಳದಿ ಗೋಪುರ ಅಂತ ಅದರ ಹೆಸರು. ಅದರ ಪಕ್ಕದಲ್ಲೇ ಟಾಲ್ಬಟ್ ಕೋಟೆ ಅನ್ನುವ ಮನೆ. ನಾನು ಹುಡುಕುತ್ತಿದ್ದದ್ದು ಅದನ್ನೇ. 18ನೇ ಶತಮಾನದಲ್ಲಿ ಅದು ಶಾಲೆಯಾಗಿತ್ತು. ಪುಟ್ಟ ಆರ್ಥರ್ ಸ್ವಲ್ಪ ದಿನ ಕಲಿತದ್ದು ಅಲ್ಲಿ. ಈಗ ಜನ ವಾಸ ಮಾಡುವ ಮನೆ, ಹಾಗಾಗಿ ದೂರದಿಂದಲೇ ನೋಡಿದೆ. ಶಾಲೆಯ ಅಂಗಳದಿಂದ ಎದುರಿಗೇ ಈ ಕೋಟೆ ಕಾಣುತ್ತದೆ. ನದಿ, ನದಿಯ ದಡದಲ್ಲಿ ಕೋಟೆ. ಆ ದಿನಗಳಲ್ಲಿ ಅದನ್ನೇ ನೋಡುತ್ತಿದ್ದ ಹುಡುಗ ಮುಂದೆ ಕಾವೇರಿಯ ನಡುವಿನ ಕೋಟೆಯ ಮುಂದೆ ಬಂದು ನಿಂತ. ಅಷ್ಟು ಹೊತ್ತು ಆ ಕಡೆಯೇ ನೋಡುತ್ತಾ ನಿಂತಿದ್ದಕ್ಕೆ ಮಗಳು ಬಂದು ಭುಜ ಮುಟ್ಟಿದಳು.

ಪಟ್ಟಣದೊಳಗೆ ಎತ್ತರದ ಕಲ್ಲುಕಂಬ ಒಂದಿದೆ. ತುದಿಯಲ್ಲಿ ಆರ್ಥರನ ಪ್ರತಿಮೆ. ನೆಪೋಲಿಯನ್‌ನನ್ನು ಸೋಲಿಸಿ ವಾಟರ್ಲೂ ಯುದ್ಧ ಗೆದ್ದ ಎರಡು ವರ್ಷಕ್ಕೆ, 1817ರಲ್ಲಿ ನಿಲ್ಲಿಸಿದ್ದು. ಅಷ್ಟು ಹೊತ್ತಿಗೆ ಅವನು ವೆಲ್ಲಿಂಗ್ಟನ್ ಡ್ಯೂಕ್ ಆಗಿದ್ದ. 1790ರಿಂದ ಏಳು ವರ್ಷ ಇದೇ ಟ್ರಿಮ್‌ನಿಂದ ಐರ್ಲೆಂಡಿನ ಪಾರ್ಲಿಮೆಂಟಿಗೆ ಹೋಗಿದ್ದವನು. ಆಗ ಅವನಿಗೆ ಇನ್ನೂ ಇಪ್ಪತ್ತೊಂದು. ಅವರ ಮನೆತನ ಹೇಳಿದವರೇ ಟ್ರಿಮ್‌ನಲ್ಲಿ ಗೆಲ್ಲುತ್ತಿದ್ದ ಕಾಲ ಅದು.

ಅವತ್ತೇ ಡ್ಯಾಂಗನ್‌ಗೂ ಹೋಗಿಬರೋಣ ಅಂತಿದ್ದೆವು. ಮಳೆ ಹಿಡಿದುಕೊಂಡಿತು. ಟ್ರಿಮ್‌ನಲ್ಲೇ ಒಂದು ಮನೆಯಲ್ಲಿ ರೂಮು ಹಿಡಿದು ಉಳಿದೆವು.

ಭಾನುವಾರ: ಡ್ಯಾಂಗನ್

ಬೆಳಿಗ್ಗೆ ಮಳೆ ಬಿಟ್ಟಿತ್ತು. ಟ್ರಿಮ್‌ನಿಂದ ಸಮ್ಮರ್‌ಹಿಲ್ ಕಡೆಗೆ ಹೋಗುವ ರಸ್ತೆ. ಏಳೆಂಟು ಕಿಲೋಮೀಟರ್ ಅಷ್ಟೇ. ದಾರಿಯಲ್ಲಿ ಲಾರಾಕೋರ್ ಅಂತ ಒಂದು ಸಣ್ಣ ಊರು ಸಿಗುತ್ತದೆ. ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್ 1700ರಲ್ಲಿ ಅಲ್ಲಿನ ಚರ್ಚಿಗೆ ಪಾದ್ರಿಯಾಗಿ ಬಂದವರು. ನಿಲ್ಲಿಸಲಿಲ್ಲ. ನನ್ನ ಮನಸ್ಸೆಲ್ಲ ಮುಂದೆಯೇ ಇತ್ತು.

ಕೋಟೆ ಇರುವುದು ಹೊಲದ ನಡುವೆ, ಬೇರೆಯವರ ಜಮೀನಿನಲ್ಲಿ. ಕೇಳದೆ ಒಳಗೆ ಹೋಗಬಾರದು ಅಂತ ಅಳಿಯಂದಿರು ಹತ್ತಿರದ ತೋಟದ ಮನೆಗೆ ಹೋಗಿ ವಿಚಾರಿಸಿದರು. ವಯಸ್ಸಾದ ರೈತರೊಬ್ಬರು ಬೂಟು ಹಾಕಿಕೊಂಡು ಹೊರಗೆ ಬಂದರು. ಎಲ್ಲಿಂದ ಬಂದಿರಿ ಅಂದರು. ಸೆರಿಂಗಪಟಂ ಅಂತ ಅವರ ಬಾಯಿಗೆ ಸಿಗುವ ಹಾಗೆ ಹೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ "ಹಾಗಾದ್ರೆ ನಿಮಗೆ ನೋಡೋ ಹಕ್ಕಿದೆ, ಬನ್ನಿ" ಅಂತ ತಾವೇ ಗೇಟು ತೆಗೆದರು.

ಒದ್ದೆ ಹುಲ್ಲು. ದನಗಳು ತಲೆಯೆತ್ತಿ ನೋಡಿ ಮತ್ತೆ ಮೇಯಲು ಶುರು ಮಾಡಿದವು. ಮುಂದೆ ಬೂದು ಬಣ್ಣದ ಗೋಡೆ. ಕೋಟೆ ಅಂದರೆ ಟ್ರಿಮ್‌ನಲ್ಲಿ ನೋಡಿದ ಹಾಗೆ ಬುರುಜು, ಕಂದಕ ಏನೂ ಇಲ್ಲ. ಹಳೇ ಕೋಟೆಯ ಜಾಗದಲ್ಲಿ 18ನೇ ಶತಮಾನದಲ್ಲಿ ಇಟಲಿಯ ಮಾದರಿಯ ಅರಮನೆ ಎದ್ದಿತು, ಹೆಸರು ಮಾತ್ರ ಕೋಟೆ ಅಂತಲೇ ಉಳಿಯಿತು. ಛಾವಣಿ ಇಲ್ಲ. ಕಿಟಕಿಯ ಜಾಗದಲ್ಲಿ ಉದ್ದುದ್ದ ಖಾಲಿ ಚೌಕಗಳು, ಅದರಾಚೆ ಆಕಾಶ. ಬಳ್ಳಿಯ ಕಾಂಡ ನನ್ನ ಮುಂಗೈಯಷ್ಟು ದಪ್ಪ ಬೆಳೆದು ಕಲ್ಲುಗಳ ಸಂದಿಗೆ ಬೇರು ಬಿಟ್ಟಿದೆ. ಎಲ್ಲಿ ಬಳ್ಳಿ ಮುಗಿದು ಎಲ್ಲಿ ಗೋಡೆ ಶುರುವಾಯಿತು ಅಂತ ಹೇಳಲಿಕ್ಕಾಗುವುದಿಲ್ಲ.

ಗೋಡೆ ಮುಟ್ಟಲು ಮುಂದೆ ಹೋದೆ. ಸೀರೆ ಎತ್ತಿ ಹಿಡಿದಿದ್ದೆ, ಕಾಲಿಗೆ ಚುರ್ ಅಂತು. ಸುತ್ತಲೂ ತುರಿಕೆ ಗಿಡ! ನಮ್ಮ ಕಡೆಯ ತುರುಚೆ ಸೊಪ್ಪಿನ ಹಾಗೇ, ಮುಟ್ಟಿದರೆ ಬೊಬ್ಬೆ ಏಳುತ್ತದೆ. ಆ ರೈತರು ಬಗ್ಗಿ, ಅಲ್ಲೇ ಪಕ್ಕದಲ್ಲಿ ಬೆಳೆದಿದ್ದ ಅಗಲ ಎಲೆಯೊಂದನ್ನು ಕಿತ್ತು, ಅಂಗೈಯಲ್ಲಿ ಹಿಸುಕಿ, ರಸ ಬಂದ ಮೇಲೆ ಕೊಟ್ಟರು. ಉಜ್ಜಿಕೊಳ್ಳಿ ಅಂದರು. ಹಸಿರು ರಸ ತಣ್ಣಗೆ ಹತ್ತಿತು. ತುರಿಕೆ ಗಿಡ ಇರುವ ಕಡೆಯೇ ಈ ಎಲೆಯೂ ಇರುತ್ತದೆ, ನಮ್ಮಜ್ಜಿ ಹೇಳಿಕೊಟ್ಟದ್ದು ಅಂದರು. ಅಜ್ಜಿಯರ ಮದ್ದು ಎಲ್ಲಾ ಕಡೆ ಒಂದೇ ಥರ ಇರುತ್ತದೆ ಅಲ್ವಾ.

ಈ ಮನೆತನದ ಹೆಸರು ಮೊದಲು ವೆಲ್ಲೆಸ್ಲಿ, ಆಮೇಲೆ ಸವೆದು ವೆಸ್ಲಿ ಆಗಿತ್ತು. 15ನೇ ಶತಮಾನದ ಹೊತ್ತಿಗೇ ಡ್ಯಾಂಗನ್ ಅವರ ಕೈಯಲ್ಲಿತ್ತು. 1728ರಲ್ಲಿ ಗ್ಯಾರೆಟ್ ವೆಸ್ಲಿ ಅನ್ನುವವನು ಮಕ್ಕಳಿಲ್ಲದೆ ಸತ್ತ. ಆಸ್ತಿಯನ್ನು ಇಂಗ್ಲೆಂಡಿನ ಚಾರ್ಲ್ಸ್ ವೆಸ್ಲಿಗೆ ಕೊಡಲು ನೋಡಿದ್ದ, ಅವನು ಬೇಡ ಅಂದ ಅಂತ ಒಂದು ಕಥೆಯಿದೆ. ಈ ಚಾರ್ಲ್ಸ್ ಯಾರು ಅಂದರೆ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ತಮ್ಮ. ಮೈಸೂರಿನಲ್ಲಿ ವೆಸ್ಲಿ ಪ್ರೆಸ್ ಇತ್ತಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ಕೊನೆಗೆ ಆಸ್ತಿ ಸಿಕ್ಕಿದ್ದು ಸಂಬಂಧಿಕ ರಿಚರ್ಡ್ ಕಾಲಿಗೆ. ಒಂದೇ ಷರತ್ತು: ವೆಸ್ಲಿ ಅಂತ ಹೆಸರು ಬದಲಾಯಿಸಿಕೊಳ್ಳಬೇಕು. ಅವನು ಒಪ್ಪಿದ. ನಮ್ಮ ವೆಲ್ಲೆಸ್ಲಿಗಳ ತಾತ ಇವನೇ.

ಈ ತಾತನಿಗೆ ತೋಟದ ಹುಚ್ಚು. ಕಾಲುವೆ ತೋಡಿಸಿದ, ಕೆರೆ ಮಾಡಿಸಿದ, ಗುಡ್ಡದ ಮೇಲೆಲ್ಲಾ ಒಬೆಲಿಸ್ಕ್ ಅನ್ನುವ ಚೂಪು ಕಲ್ಲುಗಂಬ ನಿಲ್ಲಿಸಿದ. ಇಪ್ಪತ್ತೈದು ಕಂಬ ಇದ್ದವು ಅಂತ ಆ ಕಾಲದಲ್ಲಿ ನೋಡಿದವರು ಬರೆದಿಟ್ಟಿದ್ದಾರೆ. ಕೆರೆಯಲ್ಲಿ ಹಡಗುಗಳು, ದಡದಲ್ಲಿ ಫಿರಂಗಿ ಇಟ್ಟ ಆಟದ ಕೋಟೆ. ಮೇರಿ ಡೆಲಾನಿ ಅನ್ನುವ ಹೆಂಗಸು ಈ ಮನೆಯವರಿಗೆ ಬಹಳ ಬೇಕಾದವರು. ತಾನು ಕಂಡದ್ದನ್ನೆಲ್ಲ ಕಾಗದದಲ್ಲಿ ಬರೆಯುತ್ತಿದ್ದರು. 1748ರಲ್ಲಿ ಅವರು ಇಲ್ಲಿಗೆ ಬಂದಾಗ ಈ ಮನೆಯ ಮಗ, ಚರ್ಚಿನ ರೂಢಿಯಂತೆ ಅವರಿಗೆ ಧರ್ಮಪುತ್ರನೂ ಆದ ಹದಿಮೂರು ವರ್ಷದ ಗ್ಯಾರೆಟ್, ಆಟದ ಕೋಟೆಗೆ ಅಧಿಪತಿ, ಕೆರೆಯ ಹಡಗುಗಳಿಗೆ ಅಡ್ಮಿರಲ್. ಬಾವುಟಗಳನ್ನೆಲ್ಲ ಏರಿಸಿ ಸ್ವಾಗತ ಮಾಡಿದನಂತೆ. ಗೌರವಕ್ಕೆ ಫಿರಂಗಿ ಹಾರಿಸುತ್ತೇನೆ ಅಂದಾಗ ಅವರು ಬೇಡ ಅಂದದ್ದಕ್ಕೆ ಹುಡುಗನ ಮುಖ ಸಪ್ಪಗಾಯಿತಂತೆ.

ಇದನ್ನು ಮೊಮ್ಮಗನಿಗೆ ಹೇಳಿದೆ. "ಆ ಕೆರೆ ಎಲ್ಲಿ ಅಜ್ಜಿ?" ಅಂದ. ರೈತರು ಕೈ ತೋರಿಸಿದರು. ಇಳಿಜಾರಿನ ಕೆಳಗೆ ಜೊಂಡು ಬೆಳೆದ ಜೌಗು. ಕಾಲಿಟ್ಟರೆ ನೆಲ ಪಚಪಚ ಅನ್ನುತ್ತದೆ. ದನದ ಗೊರಸು ಹೂತ ಕಡೆಯೆಲ್ಲ ರಾತ್ರಿಯ ಮಳೆನೀರು ನಿಂತಿತ್ತು. ಹುಡುಗ ಅಮ್ಮನ ಬ್ಯಾಗಿನಿಂದ ಟ್ರಿಮ್ ಕೋಟೆಯ ಟಿಕೆಟ್ಟು ತೆಗೆದು ದೋಣಿ ಮಡಚಿದ. ಒಂದು ಗೊರಸಿನ ಗುಂಡಿಯಲ್ಲಿ ಬಿಟ್ಟ. ತೇಲಿತು.

ನನಗೆ ಅಲ್ಲಿ ನಿಂತು ಒಂದೇ ಯೋಚನೆ. ಈ ಕೆರೆ ಅಗೆದವರು ಯಾರು? ಕಾಲುವೆಯ ಮಣ್ಣು ಹೊತ್ತವರು ಯಾರು? ಆಗ ಐರ್ಲೆಂಡಿನ ಬಹುಪಾಲು ಜನ ಕ್ಯಾಥೊಲಿಕರು. ಅವರು ಭೂಮಿ ಕೊಳ್ಳುವ ಹಾಗಿರಲಿಲ್ಲ, ವೋಟು ಹಾಕುವ ಹಾಗಿರಲಿಲ್ಲ. ಅಂಥ ಕಾನೂನುಗಳಿದ್ದವು. ಭೂಮಿಯೆಲ್ಲ ವೆಸ್ಲಿಗಳಂಥ ಪ್ರಾಟೆಸ್ಟೆಂಟ್ ಧಣಿಗಳದು. ಡೆಲಾನಿಯವರ ಕಾಗದದಲ್ಲಿ ಬಾವುಟದ ಲೆಕ್ಕ ಇದೆ, ಮಣ್ಣು ಹೊತ್ತವರ ಹೆಸರು ಒಂದೂ ಇಲ್ಲ. ನನ್ನ ತಾತನವರು ಕನ್ನಂಬಾಡಿ ಕಟ್ಟೆ ಕಟ್ಟುವಾಗ ಕೂಲಿಗೆ ಹೋಗಿದ್ದರು. ಅವರ ಹೆಸರೂ ಎಲ್ಲೂ ಇಲ್ಲ. ಅದಕ್ಕೇ ಈ ವಿಷಯ ನನಗೆ ತಾಗುತ್ತದೆ.

ಅಡ್ಮಿರಲ್ ಆಟ ಆಡಿದ ಗ್ಯಾರೆಟ್ ದೊಡ್ಡವನಾದ ಮೇಲೆ ಕಲಿತದ್ದು ಸಂಗೀತ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಮೊದಲ ಸಂಗೀತ ಪ್ರೊಫೆಸರ್ ಆದ, 1764ರಲ್ಲಿ. ಮಾರ್ನಿಂಗ್ಟನ್ ಅರ್ಲ್ ಅನ್ನುವ ಪದವಿಯೂ ಬಂತು. ದುಡ್ಡಿನ ವಿಷಯದಲ್ಲಿ ಮಾತ್ರ ಕೈ ಸಡಿಲ. 1781ರಲ್ಲಿ ತೀರಿಕೊಂಡಾಗ ಮಕ್ಕಳಿಗೆ ಬಿಟ್ಟುಹೋದದ್ದು ಸಾಲ. ಹಿರಿಮಗ ರಿಚರ್ಡ್‌ಗೆ ಆಗ ಇನ್ನೂ ಇಪ್ಪತ್ತು. 1791ರಲ್ಲಿ ಡಬ್ಲಿನ್ ಮನೆ ಮಾರಿದ. 1793ರಲ್ಲಿ ಡ್ಯಾಂಗನ್ನೂ ಹೋಯಿತು.

ಆ 1793 ಆರ್ಥರ್‌ಗೂ ಕೆಟ್ಟ ವರ್ಷ. ಕಿಟ್ಟಿ ಪೇಕನ್‌ಹ್ಯಾಮ್ ಅನ್ನುವ ಹುಡುಗಿಯನ್ನು ಮೆಚ್ಚಿದ್ದ. ಮನೆಮಠ ಇಲ್ಲದ ಕಿರಿಮಗ, ಸಾಲದ ಮನೆ, ಇವನಿಗೆ ಹೆಣ್ಣು ಕೊಡುವುದಿಲ್ಲ ಅಂತ ಹುಡುಗಿಯ ಮನೆಯವರು ಹೇಳಿಬಿಟ್ಟರು. ಅಪ್ಪನಿಂದ ಪಿಟೀಲು ನುಡಿಸುವ ಆಸೆ ಬಂದಿತ್ತು. ತನ್ನ ಪಿಟೀಲುಗಳನ್ನು ತಾನೇ ಬೆಂಕಿಗೆ ಹಾಕಿದ. ಆಮೇಲೆ ಅವನ ಗಮನವೆಲ್ಲ ದಂಡಿನ ಕೆಲಸದ ಮೇಲೆ. 1798ರಲ್ಲಿ ಅಣ್ಣನ ಹಾಗೆ ವೆಸ್ಲಿ ಬಿಟ್ಟು ವೆಲ್ಲೆಸ್ಲಿ ಅಂತ ಸಹಿ ಮಾಡಲು ಶುರು ಮಾಡಿದ. ಆಗ ಅವನಿದ್ದದ್ದು ಭಾರತದಲ್ಲಿ. ಮರುವರ್ಷವೇ ನಮ್ಮೂರಿಗೆ ಬಂದದ್ದು.

ಮಾರಿದ ಮೇಲೆ ಮನೆಗೆ ಏನಾಯಿತು ಅಂತ ರೈತರೇ ಹೇಳಿದರು, ನಾನು ಓದಿದ್ದಕ್ಕಿಂತ ಚೆನ್ನಾಗಿ. ಸ್ವಲ್ಪ ವರ್ಷದಲ್ಲಿ ರೋಜರ್ ಓಕಾನರ್ ಅನ್ನುವವನು ಬಾಡಿಗೆಗೆ ಬಂದ. ಇಂಗ್ಲಿಷರ ವಿರುದ್ಧ ದಂಗೆ ಎದ್ದ ಯುನೈಟೆಡ್ ಐರಿಷ್‌ಮನ್ ಸಂಘದವನು, ಜೈಲು ನೋಡಿ ಬಂದವನು. ನೆಪೋಲಿಯನ್ ಐರ್ಲೆಂಡಿಗೆ ಬಂದರೆ ಉಳಿಸಿಕೊಳ್ಳಲು ತಕ್ಕ ಮನೆ ಬೇಕು, ಅದಕ್ಕೇ ಇದನ್ನು ಹಿಡಿದಿದ್ದೇನೆ ಅಂದಿದ್ದನಂತೆ. ಟಿಪ್ಪುವೂ ಫ್ರೆಂಚರ ದಾರಿ ಕಾಯುತ್ತಿದ್ದವನೇ ತಾನೇ! ಟಿಪ್ಪುವನ್ನು ಸೋಲಿಸಿದವರ ಮನೆಯಲ್ಲೇ ಒಬ್ಬ ನೆಪೋಲಿಯನ್‌ಗೆ ಹಾಸಿಗೆ ಹಾಸಿ ಕಾದಿದ್ದ ಅಂತ ಕೇಳಿ ಮೈ ಜುಂ ಅಂತು.

ನೆಪೋಲಿಯನ್ ಬರಲಿಲ್ಲ. ತೋಟದ ಮರಗಳು ಒಂದೊಂದೇ ಕೊಡಲಿಗೆ ಬಿದ್ದವು. 1809ರಲ್ಲಿ ಬೆಂಕಿ. ವಿಮೆಯ ದುಡ್ಡಿಗೆ ಹಚ್ಚಿದರು ಅಂತ ಜನ ಆಡಿಕೊಂಡರು. ಮಗ ಫ್ರಾನ್ಸಿಸ್ ಗುಂಡು ಮಾಡಲು ಸೀಸ ಕರಗಿಸುವಾಗ ಕೈತಪ್ಪಿ ಹತ್ತಿದ ಬೆಂಕಿ ಅಂತ ಇನ್ನೊಂದು ಮಾತು. ಆ ಹುಡುಗ ಮುಂದೆ ದಕ್ಷಿಣ ಅಮೆರಿಕಕ್ಕೆ ಹೋಗಿ ಬೊಲಿವಾರನ ಸೈನ್ಯದಲ್ಲಿ ಸ್ಪೇನಿನ ವಿರುದ್ಧ ಹೋರಾಡಿದ. ಬೊಲಿವಿಯಾ ದೇಶದಲ್ಲಿ ಒಂದು ಪ್ರಾಂತ್ಯಕ್ಕೇ ಅವನ ಹೆಸರಿದೆ. ಇನ್ನೊಬ್ಬ ಮಗ ಫಿಯರ್ಗಸ್ ಇಂಗ್ಲೆಂಡಿನಲ್ಲಿ ಚಾರ್ಟಿಸ್ಟ್ ಚಳವಳಿಯ ದೊಡ್ಡ ನಾಯಕನಾಗಿ ಕೂಲಿಗಾರರಿಗೆ ವೋಟು ಕೊಡಿ ಅಂತ ಹೋರಾಡಿದ. ಅಪ್ಪ ರೋಜರ್ ಮೇಲೆ ಟಪಾಲು ಗಾಡಿ ದರೋಡೆಯ ಕೇಸು ಬಿತ್ತು. ಟ್ರಿಮ್‌ನಲ್ಲೇ ವಿಚಾರಣೆ, ಬಿಡುಗಡೆಯೂ ಆಯಿತು. ಆ ವರ್ಷವೂ 1817. ನಿನ್ನೆ ನೋಡಿದ ವೆಲ್ಲಿಂಗ್ಟನ್ ಕಂಬ ಎದ್ದ ವರ್ಷವೇ.

ಇಪ್ಪತ್ತೈದು ಒಬೆಲಿಸ್ಕ್‌ಗಳಲ್ಲಿ ಈಗ ನಿಂತಿರುವುದು ಎರಡು. ಒಂದರ ಹತ್ತಿರ ಹೋದೆವು. ಕೆಳಗೆ ಒರಟು ಕಲ್ಲಿನ ಕಮಾನು, ಅದರ ಮೇಲೆ ಕಂಬ. ಕಮಾನಿನ ಕೆಳಗೆ ಕುರಿಗಳು ಮಳೆಗೆ ನಿಂತ ಗುರುತು, ಕಲ್ಲಿಗೆ ಅಂಟಿದ ಉಣ್ಣೆ. ಆ ಕಲ್ಲಿನ ಮೇಲೆ ಕೈಯಿಟ್ಟೆ. ಒದ್ದೆಯಾಗಿ ತಣ್ಣಗಿತ್ತು. ಕಲ್ಲಿನ ಮೈಯಲ್ಲಿ ಬಿಳಿ ಚುಕ್ಕೆಚುಕ್ಕೆ ಹಾವಸೆ. ಹತ್ತಿರದಿಂದ ನೋಡಿದರೆ ರಂಗೋಲಿ ಚುಕ್ಕಿ ಇಟ್ಟ ಹಾಗೆ.

ಕಂಬದ ಬುಡದಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಹಿಂದಿನ ದಿನದ್ದು, ಆದರೂ ಆ ಚಳಿಗೆ ಕೆಟ್ಟಿರಲಿಲ್ಲ. ರೈತರೂ ಎರಡು ಚಮಚ ತಿಂದರು. ಹೊರಡುವಾಗ, ನಿಮ್ಮ ಕಡೆ ಆ ರಾಜನ ಅರಮನೆ ಹೇಗಿದೆ ಅಂತ ಕೇಳಿದರು. ಬೇಸಿಗೆ ಅರಮನೆ ಚೆನ್ನಾಗಿದೆ ಅಂದೆ. ದರಿಯಾ ದೌಲತ್, ಗೆದ್ದ ಮೇಲೆ ಆರ್ಥರ್ ಉಳಿದುಕೊಂಡದ್ದೇ ಅದರಲ್ಲಿ. ಆದರೆ ಟಿಪ್ಪು ಸಂಸಾರ ಮಾಡಿಕೊಂಡಿದ್ದ ಲಾಲ್ ಮಹಲ್ ಇಲ್ಲ. ಬಿಚ್ಚಿ ಹಾಕಿದರು. ಅದರ ಮರದ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ ಚರ್ಚಿನಲ್ಲಿವೆ. ನಮ್ಮೂರಲ್ಲಿ ಉಳಿದಿರುವುದು ಬರೀ ಜಾಗ. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ಬೆರಳಿನಿಂದ ದೊಡ್ಡದು ಮಾಡಿ, ತುಂಬಾ ಹೊತ್ತು ನೋಡಿದರು.

ಸೋಮವಾರ: ಡಬ್ಲಿನ್

ಮೇ ತಿಂಗಳ ಮೊದಲ ಸೋಮವಾರ ಇಲ್ಲಿ ರಜೆ. ಈ ಸಲ ಅದು ಮೇ 4ಕ್ಕೆ ಬಂದಿತ್ತು. 1799ರಲ್ಲಿ ನಮ್ಮ ಕೋಟೆ ಬಿದ್ದ ದಿನ. ಆರ್ಥರ್ ಮೂವತ್ತು ತುಂಬಿ ಮೂರೇ ದಿನ ಆಗಿತ್ತು. ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದವನು ಬೇರ್ಡ್ ಅನ್ನುವ ಜನರಲ್, ಆದರೆ ಒಂದೆರಡು ದಿನದಲ್ಲೇ ಪಟ್ಟಣದ ಅಧಿಕಾರ ಸಿಕ್ಕಿದ್ದು ಆರ್ಥರ್‌ಗೆ.

ಬೆಳಿಗ್ಗೆ ಅಪ್ಪರ್ ಮೆರಿಯನ್ ರಸ್ತೆಗೆ ಹೋದೆವು. ಇಟ್ಟಿಗೆಯ ಮನೆಗಳ ಸಾಲು. 24ನೇ ನಂಬರಿನದು ಮಾರ್ನಿಂಗ್ಟನ್ ಹೌಸ್, ಈಗ ಹೋಟೆಲಿನ ಭಾಗ. ಆರ್ಥರ್ ಹುಟ್ಟಿದ್ದು ಇಲ್ಲೇ ಅಂತ ಜಾಸ್ತಿ ಜನ ಹೇಳುತ್ತಾರೆ. ಮೀತ್‌ನವರು ಡ್ಯಾಂಗನ್ ಅನ್ನುತ್ತಾರೆ. ಹೊರಗಿನಿಂದ ನೋಡಿ ಬಂದೆವು, ಐದು ನಿಮಿಷ.

ಮಧ್ಯಾಹ್ನ ಫೀನಿಕ್ಸ್ ಪಾರ್ಕ್. ಅಲ್ಲಿ ವೆಲ್ಲಿಂಗ್ಟನ್ ಸ್ಮಾರಕ, ಅದೂ ಒಬೆಲಿಸ್ಕೇ. 62 ಮೀಟರ್ ಎತ್ತರ. ಅಡಿಗಲ್ಲು ಹಾಕಿದ್ದು 1817ರಲ್ಲಿ. ದುಡ್ಡು ಸಾಲದೆ ನಿಂತು, ಮುಗಿದದ್ದು 1861ರಲ್ಲಿ. ಬುಡದಲ್ಲಿ ಕಂಚಿನ ಫಲಕಗಳಿವೆ. ವಾಟರ್ಲೂನಲ್ಲಿ ಹಿಡಿದ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದವು. ಒಂದರಲ್ಲಿ ವಾಟರ್ಲೂ. ಒಂದರಲ್ಲಿ ಕ್ಯಾಥೊಲಿಕರಿಗೆ ಹಕ್ಕು ಸಿಕ್ಕ ಕಥೆ. 1829ರಲ್ಲಿ ಆರ್ಥರ್ ಬ್ರಿಟನ್ನಿನ ಪ್ರಧಾನಿಯಾಗಿದ್ದಾಗ ಆ ಕಾಯ್ದೆ ಬಂತು. ಐರ್ಲೆಂಡಿನ ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನೆಲ್ ಲಕ್ಷಾಂತರ ಬಡವರನ್ನು ಒಟ್ಟುಗೂಡಿಸಿ ಒತ್ತಿ ಒತ್ತಿ ಕೇಳಿದ ಮೇಲೆ ಕೊಟ್ಟದ್ದು. ಆ ಚರಿತ್ರೆಯಲ್ಲಿ ನನಗೆ ಗೌರವ ಓಕಾನೆಲ್ ಮೇಲೆ.

ಮೂರನೇ ಫಲಕ ಭಾರತದ ಯುದ್ಧಗಳದು. ನಾನು ಅಲ್ಲೇ ನಿಂತೆ. ಕಂಚು ಕಪ್ಪಾಗಿದೆ. ಕೈಗೆಟಕುವ ಕಡೆ ಜನ ಮುಟ್ಟಿ ಮುಟ್ಟಿ ನುಣುಪಾಗಿದೆ. ಆ ಮುಖಗಳಲ್ಲಿ ನಮ್ಮ ಕಡೆಯವರನ್ನು ಹುಡುಕುತ್ತಾ ಹೋದೆ. ಹುಡುಗ ಇನ್ನೊಂದು ಬದಿಗೆ ಓಡಿ ಅಲ್ಲಿನ ಬರಹ ಜೋರಾಗಿ ಓದಿದ. ಏಷ್ಯಾ, ಯೂರೋಪ್ ಎರಡೂ ನಿನ್ನಿಂದ ಉಳಿದವು, ಯುದ್ಧದಲ್ಲಿ ನಿನ್ನನ್ನು ಸೋಲಿಸುವವರಿಲ್ಲ ಅಂತ ಅದರ ಅರ್ಥ.

"ಅಜ್ಜಿ, ಏಷ್ಯಾ ಅಂದ್ರೆ ನಾವು ತಾನೇ? ನಮ್ಮನ್ನ ಯಾರಿಂದ ಉಳಿಸಿದ್ದು?"

ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಯಾರಿಂದಲೂ ಉಳಿಸಲಿಲ್ಲ ಕಂದ. ನಮ್ಮೂರ ಹತ್ತಿರ ಸುಲ್ತಾನಪೇಟೆ ತೋಪು ಅಂತ ಒಂದಿತ್ತು. 1799ರ ಏಪ್ರಿಲ್ 5ರ ರಾತ್ರಿ ಇವನು ಅಲ್ಲಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಸೋತು ವಾಪಸ್ ಹೋದ. ಅವನ ಹನ್ನೆರಡು ಸೈನಿಕರು ಸಿಕ್ಕಿಬಿದ್ದು ಸತ್ತರು. ಅವರಲ್ಲೂ ಯಾರದೋ ಮಕ್ಕಳು. ಆಮೇಲೆ ತಿಂಗಳಿಗೆ ಕೋಟೆ ಒಡೆದರು. ಊರು ಲೂಟಿ ಆಯಿತು. ಟಿಪ್ಪು ಸತ್ತ. ಅವನ ಹೆಂಡತಿ ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದರು. ಈ ಆರ್ಥರ್ 1805ರಲ್ಲಿ ವಾಪಸ್ ಹೋಗುವಾಗ ಅವನ ಹತ್ತಿರ 42,000 ಪೌಂಡ್ ಇತ್ತು, ಹೆಚ್ಚಿನದು ಯುದ್ಧದಲ್ಲಿ ಪಾಲಿಗೆ ಬಂದದ್ದು. ಮರುವರ್ಷ ಆ ಕಿಟ್ಟಿಯನ್ನೇ ಡಬ್ಲಿನ್‌ನಲ್ಲಿ ಮದುವೆಯಾದ.

"ನಿನ್ನೆ ಹೇಳಿದ ಅಡ್ಮಿರಲ್ ಹುಡುಗ ಇವನೇನಾ?"

"ಅಲ್ಲ, ಅವನು ಇವನ ಅಪ್ಪ."

"ಹಾಗಾದ್ರೆ ದುಡ್ಡು ಬಂತಲ್ಲ, ಕೆರೆ ಇದ್ದ ಆ ಮನೆ ವಾಪಸ್ ತಗೊಂಡ್ನಾ?"

ಇಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಮೇಲೆ ತುದಿಯ ತನಕ ನೋಡಿದ. ಆಮೇಲೆ ನನ್ನ ಫೋನು ಇಸಿದುಕೊಂಡು ನಿನ್ನೆಯ ಫೋಟೊ ಹುಡುಕಿದ. ಗೊರಸಿನ ಗುಂಡಿ, ಅದರಲ್ಲಿ ಟಿಕೆಟ್ಟಿನ ದೋಣಿ. ಅದನ್ನು ಅಲ್ಲೇ ಬಿಟ್ಟು ಬಂದಿದ್ದೆವು. ರಾತ್ರಿ ಮಳೆ ಬಂತಲ್ಲ, ಮುಳುಗಿರುತ್ತಾ ಅಂತ ಕೇಳಿದ.